ಗ್ಲೂಕೋಸ್ ಅಂದ ಬಾಯಿ

ಕೈ ಕಟ್ಟಿ ಮಲಗಿಸಿದ ಗುರುತು ನನಗೆ ನೋಡಿದ ಕೂಡಲೇ ತಿಳಿಯುತ್ತದೆ. ಮಣಿಕಟ್ಟಿನ ಸುತ್ತ ಬಳೆಯಂತೆ ಕಪ್ಪು ಪಟ್ಟಿ, ಅಲ್ಲಲ್ಲಿ ಸುಲಿದ ಚರ್ಮ. ಇಪ್ಪತ್ತೆರಡು ವರ್ಷ ವಾರ್ಡುಗಳಲ್ಲಿ ನರ್ಸಾಗಿ ದುಡಿದವಳು ನಾನು. ಅಂಥ ಪಟ್ಟಿಯನ್ನು ನಾನೂ ಕಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆದರೂ ಪುಟ್ಟೇನಹಳ್ಳಿಯ ಆ ಕೇರ್ ಹೋಮಿನ ಕೋಣೆಯಲ್ಲಿ ಆ ಮುದುಕಿಯ ಎರಡೂ ಕೈ ಕಂಡಾಗ ನನಗೆ ಮೈಯೆಲ್ಲ ಉರಿದುಹೋಯಿತು.

"ಯಾರಜ್ಜಿ ಹಿಂಗೆ ಕಟ್ಟಿದ್ದು?" ಎಂದೆ.

"ಆಸ್ಪತ್ರೇಲಿ ಕಣಮ್ಮ. ಎರಡು ದಿನ ಕಟ್ಟಿದ್ರು," ಎಂದರು ಅವರು. "ನಂಗೆ ಇಲ್ಲಿ ಏನ್ ಬೇಕಾದ್ರೂ ಚುಚ್ಚು, ನಾನು ಬ್ಯಾಡ ಅನ್ನಕ್ಕಿಲ್ಲ. ಅಲ್ಲಿಗೆ ಮಾತ್ರ ವಾಪಸ್ ಕಳಿಸ್ಬ್ಯಾಡ. ಕೈ ಕಟ್ಟಿದ್ರೆ ಮೂಗಿನ್ ಮ್ಯಾಲೆ ನೊಣ ಕೂತ್ರೂ ಓಡಿಸಕ್ಕಾಗಲ್ಲ."

"ಕಳಿಸಲ್ಲ. ಎಲ್ಲಾ ಇಲ್ಲೇ ಮುಗಿಸ್ತೀನಿ," ಎಂದೆ. ನನ್ನ ಬಾಯಿ ಯಾವಾಗಲೂ ನನಗಿಂತ ಮುಂದೆ. ಮಾತು ಕೊಟ್ಟಾಗಿತ್ತು.

ವಾರ್ಡಿನ ಕೆಲಸ ಬಿಟ್ಟ ಮೇಲೆ ನಾನು ಒಂದು ಕಂಪನಿಗೆ ಸೇರಿದ್ದೆ. ಸಿದ್ದಾಪುರದ ನನ್ನ ಮನೆಯಿಂದ ಬೆಳಿಗ್ಗೆ ಸ್ಕೂಟರ್ ಹತ್ತಿದರೆ ಜಯನಗರ, ಜೆ.ಪಿ. ನಗರ, ಪುಟ್ಟೇನಹಳ್ಳಿ ಎಂದು ಮನೆ ಮನೆಗೆ, ವಯಸ್ಸಾದವರನ್ನು ನೋಡಿಕೊಳ್ಳುವ ಇಂಥ ಹೋಮುಗಳಿಗೆ ಹೋಗಿ, ರಕ್ತನಾಳಕ್ಕೆ ಔಷಧಿ ಹಾಕಿ ಬರುವ ಕೆಲಸ. ಇದು ನಾನು ನಂಬಿ ಮಾಡುವ ಕೆಲಸ. ದಿನಕ್ಕೆ ಅರ್ಧ ಗಂಟೆಯ ಒಂದು ಬಾಟಲಿಗಾಗಿ ಎಂಬತ್ತು ವರ್ಷದವರನ್ನು ಹತ್ತು ದಿನ ಆಸ್ಪತ್ರೆಯಲ್ಲಿ ಯಾಕೆ ಇಡಬೇಕು? ಗುರುತಿನ ಮುಖವಿಲ್ಲ, ಗೋಡೆಯ ಮೇಲೆ ತಮ್ಮ ಕ್ಯಾಲೆಂಡರ್ ಇಲ್ಲ, ಎರಡನೇ ದಿನಕ್ಕೇ ಅವರಿಗೆ ಹಗಲು ಯಾವುದು ರಾತ್ರಿ ಯಾವುದು ತಿಳಿಯುವುದಿಲ್ಲ. ಒಂದು ಕಾಯಿಲೆಗೆಂದು ಹೋಗಿ, ಹೊತ್ತು ತರುವುದು ನಾಲ್ಕು. ಇದಕ್ಕಾಗಿ ಡಾಕ್ಟರುಗಳೊಂದಿಗೆ, ಮಕ್ಕಳೊಂದಿಗೆ, ಹೋಮಿನ ಮಾಲೀಕರೊಂದಿಗೆ ಜಗಳ ಆಡಿ ಆಡಿ ನನ್ನ ಗಂಟಲು ಹೋಗಿತ್ತು.

ಈ ಹೋಮಿನ ಮಾಲೀಕನೊಂದಿಗೂ ಜಗಳವಾಗಿತ್ತು. ಆತ ಅಲ್ಲಿಯ ಹಳೆಯ ಊರಿನವನು. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಎರಡಂತಸ್ತು ಕಟ್ಟಿ, ಮೊದಲು ಪಿಜಿ ಮಾಡಿ, ಹುಡುಗರ ಗಲಾಟೆ ತಾಳಲಾರದೆ ಮುದುಕರಿಗೆ ಕೊಟ್ಟಿದ್ದ. ಒಳ್ಳೆಯವನೇ, ಆದರೆ ಸೂಜಿ ಕಂಡರೆ ಬೆವರುತ್ತಿದ್ದ.

"ಮೇಡಂ, ಇದು ನರ್ಸಿಂಗ್ ಹೋಮ್ ಅಲ್ಲ, ಬರೀ ಹೋಮು. ಬಾಟ್ಲಿ ಗೀಟ್ಲಿ ಎಲ್ಲ ಆಸ್ಪತ್ರೆ ಕೆಲಸ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ ತಲೆಗೆ ಬರುತ್ತೆ," ಎಂದ.

"ಹೆಚ್ಚುಕಮ್ಮಿ ಆಗೋದು ಆಸ್ಪತ್ರೇಲಿ ಸಾರ್. ಅವರ ಕೈ ನೋಡಿ ಬನ್ನಿ ಒಂದ್ಸಲ," ಎಂದು ರೇಗಿದೆ. ಆತ ನೋಡಿ ಬಂದ. ಆಮೇಲೆ ಒಪ್ಪಿದ.

ಮುದುಕಿಗೆ ಆಗಿದ್ದದ್ದು ಮೂತ್ರದ ಸೋಂಕು. ಮಾತ್ರೆಗೆ ಬಗ್ಗದ ಜಾತಿಯದು. ಆಸ್ಪತ್ರೆಯಲ್ಲಿ ಎರಡು ದಿನ ಔಷಧಿ ಕೊಟ್ಟು, ಉಳಿದ ಎಂಟು ದಿನದ್ದನ್ನು ಹೋಮಿನಲ್ಲೇ ಕೊಡಿ ಎಂದು ಡಾಕ್ಟರು ಬರೆದಿದ್ದರು. ದಿನಕ್ಕೊಂದು ಸಲ, ನೂರು ಎಂಎಲ್ ಸಲೈನಿನಲ್ಲಿ ಕಲಸಿ, ಅರ್ಧ ಗಂಟೆಯಲ್ಲಿ ಇಳಿಸಬೇಕು. ಔಷಧಿಯ ಹೆಸರು ಎರ್ಟಪೆನೆಮ್. ಅವರಿಗೆ ಸಕ್ಕರೆ ಕಾಯಿಲೆ ಮೂವತ್ತು ವರ್ಷದಿಂದ ಇತ್ತು, ಬಲಗಾಲಿನ ಎರಡು ಬೆರಳು ಹೋಗಿದ್ದವು. ಮಗಳು ಬನಶಂಕರಿಯಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದಳು. ಮೆಟ್ಟಿಲು ಹತ್ತಲಾಗದೆ ಇವರು ಹೋಮಿಗೆ ಬಂದವರು. ಆಸ್ಪತ್ರೆಯ ಚೀಟಿಯಲ್ಲಿ ಕೊನೆಗೆ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು: ರೋಗಿ ಗೊಂದಲದಲ್ಲಿದ್ದಾರೆ, ಸಹಕರಿಸುವುದಿಲ್ಲ, ಸೂಜಿ ಕಿತ್ತುಕೊಳ್ಳುತ್ತಾರೆ.

ನನಗೆ ಗೊಂದಲವೇನೂ ಕಾಣಲಿಲ್ಲ. ಮೊದಲ ದಿನವೇ ಅವರು ತಮ್ಮ ಕಥೆಯನ್ನೆಲ್ಲ ಹೇಳಿದ್ದರು. ಗಂಡ ನೀರು ಬಿಡುವವನು, ಬೀದಿ ಬೀದಿಯ ವಾಲ್ವ್ ತಿರುಗಿಸುವುದು ಅವನ ಕೆಲಸ. ಅವನಿಗೆ ಕಾಮಾಲೆ ಆದಾಗ ಒಂದು ತಿಂಗಳು ಇವರೇ ಉದ್ದದ ಕಬ್ಬಿಣದ ಕೀಲಿ ಹೆಗಲಿಗೆ ಹಾಕಿಕೊಂಡು ಹೋಗಿ ನೀರು ಬಿಟ್ಟು ಬರುತ್ತಿದ್ದರಂತೆ. "ಯಾವ್ ಬೀದಿಗೆ ಎಷ್ಟ್ ಸುತ್ತು ಅಂತ ಈಗ್ಲೂ ಹೇಳ್ತೀನಿ," ಎಂದು ಕೈಯಲ್ಲಿ ತಿರುಗಿಸಿ ತೋರಿಸಿದರು. ಆಮೇಲೆ ಗಂಡನಿಗೂ ಸಕ್ಕರೆ ಬಂತು, ಕಾಲು ತೆಗೆದರು, ಮನುಷ್ಯ ಉಳಿಯಲಿಲ್ಲ. ಅವತ್ತಿನಿಂದ ಇವರು ಹಬ್ಬಕ್ಕೂ ಪಾಯಸ ಬಾಯಿಗೆ ಇಟ್ಟವರಲ್ಲ. ಇದನ್ನೆಲ್ಲ ನಾನು ಸೂಜಿ ಹಾಕುತ್ತಾ ಹೂಂ ಹೂಂ ಎಂದು ಕೇಳಿದೆ. ಕೇಳಿದ್ದೆಲ್ಲ ಒಂದು ಕಿವಿಯಿಂದ ಇನ್ನೊಂದಕ್ಕೆ ಹೋಯಿತು.

ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದವಳು ರಾಯಚೂರು ಕಡೆಯ ಹೆಂಗಸು, ನಲವತ್ತು ದಾಟಿದವಳು. ಗಂಡನ ಜೊತೆ ಬಿಟಿಎಂನಲ್ಲಿ ಒಂದು ಕೋಣೆ ಹಿಡಿದು ಇದ್ದಳು. ಕೈಯಲ್ಲಿ ಕೆಲಸ, ಬಾಯಲ್ಲಿ ಅಳತೆ ಮಾತು. ನಾನು ಬಾಟಲಿ ತೂಗುಹಾಕುವಾಗ ಅವಳು ಪಕ್ಕದಲ್ಲಿ ನಿಂತು ಕೇಳಿದಳು, "ಸಲಾಯಿನ್ ಹಚ್ಚಾಕತ್ತೀರೇನ್ರಿ ಅಕ್ಕಾರ?"

ನನಗೆ ನಗು ಬಂತು. "ಸಲಾಯಿನ್ ಅಂತೆ! ಇಲ್ಲಿ ಯಾರ್‌ಗೂ ಅರ್ಥ ಆಗಲ್ಲಮ್ಮ ಅದು. ನಮ್ ಕಡೆ ಗ್ಲೂಕೋಸ್ ಅಂತಾರೆ," ಎಂದೆ. ಮುದುಕಿಯ ಕಡೆ ತಿರುಗಿ ಇನ್ನೂ ಜೋರಾಗಿ, ಕಿವಿ ಕೇಳಿಸದವರಿಗೆ ಹೇಳುವ ಹಾಗೆ ಹೇಳಿದೆ. "ಅಜ್ಜೀ, ಗ್ಲೂಕೋಸ್ ಹಾಕಿದೀನಿ! ಅರ್ಧ ಗಂಟೆ, ಅಷ್ಟೇ!"

ಅವರು ಬಾಟಲಿ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ತಮ್ಮ ಮಣಿಕಟ್ಟು ನೋಡಿಕೊಂಡರು. "ಆಗ್ಲಿ ಕಣಮ್ಮ," ಎಂದರು.

ನಮ್ಮ ಕಂಪನಿಯ ಕಾಗದದಲ್ಲಿ, ಬಾಟಲಿ ಮುಗಿಯುವವರೆಗೆ ನರ್ಸು ಪಕ್ಕದಲ್ಲೇ ಕೂರಬೇಕು ಎಂದಿದೆ. ಅದೇ ಕಂಪನಿಯ ಫೋನಿನಲ್ಲಿ, ಮುಂದಿನ ಮನೆಗೆ ಇಪ್ಪತ್ತು ನಿಮಿಷದಲ್ಲಿ ಇರಬೇಕು ಎಂದು ಬರುತ್ತದೆ. ಎರಡನ್ನೂ ಬರೆದವರು ಒಂದೇ ಕಚೇರಿಯಲ್ಲಿ, ಒಂದೇ ಎಸಿಯಲ್ಲಿ ಕೂತವರು. ಅವರ ಮನೆ ಹಾಳಾಗ! ನಾನು ಫೋನಿನ ಮಾತು ಕೇಳಿದೆ. ರಾಯಚೂರಿನವಳಿಗೆ ನಳಿಕೆ ಬಿಡಿಸುವುದು, ಕೈಯಲ್ಲೇ ಉಳಿಯುವ ಸೂಜಿಗೆ ಮುಚ್ಚಳ ಹಾಕುವುದು ಕಲಿಸಿ, "ಅರ್ಧ ಗಂಟೆ ಆದ್ಮೇಲೆ ತೆಗ್ದುಬಿಡು," ಎಂದು ಹೇಳಿ ಸ್ಕೂಟರ್ ಹತ್ತಿದೆ. ಬಾಟಲಿ ಖಾಲಿಯಾದ ಮೇಲೆ ಎಂದು ಹೇಳಲಿಲ್ಲ. ಅರ್ಧ ಗಂಟೆ ಎಂದೆ. ಖಾಲಿಯಾಗದೆ ಇನ್ನೇನು?

ಎರಡನೇ ದಿನ ಹೋದಾಗ ಸೂಜಿ ಕಟ್ಟಿಹೋಗಿತ್ತು, ಒಳಗೆ ರಕ್ತ ಹೆಪ್ಪುಗಟ್ಟಿತ್ತು. ವಯಸ್ಸಾದವರ ನರ ಹಾಗೇ ಎಂದುಕೊಂಡು ಇನ್ನೊಂದು ಕೈಗೆ ಚುಚ್ಚಿದೆ. ಅವತ್ತು ಮಧ್ಯಾಹ್ನ ನಾನು ಜಯನಗರದ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ರಾಯಚೂರಿನವಳ ಫೋನ್ ಬಂತು. ಏನೋ ಬಾಟಲಿ ಎಂದಳು, ಉಳಿದಿದೆ ಎಂದಳು. ಹಿಂದೆ ಬಸ್ಸು ಹಾರ್ನ್ ಒತ್ತುತ್ತಿತ್ತು. "ಉಳಿದ್ರೆ ಉಳೀಲಿ ಬಿಡಮ್ಮ, ಸ್ವಲ್ಪ ಉಳಿದೇ ಉಳಿಯುತ್ತೆ," ಎಂದು ಇಟ್ಟುಬಿಟ್ಟೆ. ಮೂರನೇ ದಿನ, ನಾಲ್ಕನೇ ದಿನ ಹಾಗೇ ಹೋಯಿತು. ನಾಲ್ಕೂ ದಿನ ರಿಜಿಸ್ಟರಿನಲ್ಲಿ ನಾನು ಔಷಧಿ ಪೂರ್ತಿ ಕೊಡಲಾಗಿದೆ ಎಂದು ಬರೆದು ಸಹಿ ಹಾಕಿದೆ.

ಐದನೇ ದಿನ ಬೆಳಿಗ್ಗೆ ಅವರಿಗೆ ನೂರೆರಡು ಜ್ವರ. ತುಟಿ ಒಣಗಿತ್ತು, ಕಣ್ಣು ಬಿಡುವುದೇ ಕಷ್ಟವಾಗಿತ್ತು. ಡಾಕ್ಟರಿಗೆ ಫೋನ್ ಮಾಡಿದೆ.

"ನಾಲ್ಕು ಡೋಸ್ ಪೂರ್ತಿ ಹೋಗಿದ್ಯಾ ಸಿಸ್ಟರ್?" ಎಂದು ಕೇಳಿದರು.

"ಹೋಗಿದೆ ಡಾಕ್ಟ್ರೇ."

"ಹಾಗಾದ್ರೆ ಇದು ಕೆಲ್ಸ ಮಾಡ್ತಿಲ್ಲ. ಅಡ್ಮಿಟ್ ಮಾಡಿಬಿಡೋಣ. ಬೇರೆ ಔಷಧಿ ಶುರು ಮಾಡ್ಬೇಕು, ದಿನಕ್ಕೆ ಮೂರು ಸಲ. ಮನೇಲಿ ಆಗಲ್ಲ. ಆಂಬುಲೆನ್ಸ್ ಕರೀರಿ."

ಬಾಗಿಲಲ್ಲಿ ನಿಂತಿದ್ದ ಮಾಲೀಕ ಕೇಳಿಸಿಕೊಂಡ. "ನಾನ್ ಮೊದ್ಲೇ ಹೇಳ್ಲಿಲ್ವಾ ಮೇಡಂ," ಎಂದು ಶುರು ಮಾಡಿದ. ಮುದುಕಿಗೆ ಕಣ್ಣು ಬಿಡಲಾಗದಿದ್ದರೂ ಕಿವಿ ಚುರುಕಾಗಿತ್ತು. ಎರಡೂ ಕೈಗಳನ್ನು ನಿಧಾನವಾಗಿ ಹೊದಿಕೆಯ ಒಳಗೆ ಎಳೆದುಕೊಂಡರು.

ಉಪಯೋಗಿಸಿದ ಬಾಟಲಿಗಳನ್ನು ಹಾಕುವ ಕೆಂಪು ಕವರು ಮೂಲೆಯಲ್ಲಿತ್ತು. ತೆಗೆದುಕೊಂಡು ಹೋಗುವ ಗಾಡಿ ಆ ವಾರ ಬಂದಿರಲಿಲ್ಲ. ಹೊಸ ಸೂಜಿಯ ಪೊಟ್ಟಣ ಅದರೊಳಗೆ ಎಸೆಯಲು ಹೋದಾಗ ಕವರು ಭಾರವಾಗಿ ಕಂಡಿತು. ಬಿಚ್ಚಿದೆ. ನಾಲ್ಕು ಬಾಟಲಿ. ನಾಲ್ಕರಲ್ಲೂ ಔಷಧಿ ಹೆಚ್ಚು ಕಡಿಮೆ ಕುತ್ತಿಗೆಯವರೆಗೆ ಹಾಗೇ ನಿಂತಿತ್ತು.

ಆಮೇಲೆ ನಾನು ಆಡಿದ ಮಾತುಗಳನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ರಾಯಚೂರಿನವಳನ್ನು ಕರೆದು, ಮಾಲೀಕನ ಮುಂದೆ, ಹಜಾರದಲ್ಲಿ ಟಿವಿ ನೋಡುತ್ತಿದ್ದ ಆರು ಜನ ವೃದ್ಧರ ಮುಂದೆ ಅವಳ ನೀರಿಳಿಸಿದೆ. "ನಿಂಗೆ ಕಣ್ ಕಾಣಲ್ವಾ? ಒಂದ್ ಬಾಟ್ಲಿ ಖಾಲಿ ಆಗಿದ್ಯಾ ಇಲ್ವಾ ನೋಡೋಷ್ಟೂ ಬುದ್ಧಿ ಇಲ್ವಾ? ನಿನ್ನಂಥವ್ರನ್ನ ಯಾರು ಕೆಲಸಕ್ಕೆ ಇಟ್ಕೊಂಡ್ರು? ಒಂದ್ ಜೀವ ತೆಗೀತಿದ್ಯಲ್ಲೇ!"

ಅವಳು ಸೆರಗಿನ ತುದಿ ಹಿಡಿದು ನಿಂತಿದ್ದಳು. ನಾನು ಉಸಿರು ತೆಗೆದುಕೊಳ್ಳುವವರೆಗೆ ಕಾದು ಹೇಳಿದಳು. "ನಾ ಫೋನ್ ಮಾಡಿದ್ನಲ್ರಿ ಅಕ್ಕಾರ. ಬಾಟ್ಲಿ ಖಾಲಿ ಆಗವಲ್ದು ಅಂತ ಹೇಳಿದ್ನಿ. ಉಳದ್ರ ಉಳೀಲಿ ಬಿಡು ಅಂದ್ರಿ ನೀವು."

ಅವಳು ಹೇಳಿದ್ದು ನಿಜ. ಆದರೂ ಸೋಲು ಒಪ್ಪದ ಜನ್ಮ ನನ್ನದು. "ಖಾಲಿ ಯಾಕಾಗಿಲ್ಲ ಮತ್ತೆ? ನಾನು ಸರಿಯಾಗೇ ಬಿಟ್ಟು ಹೋಗಿದ್ದೆ!" ಎಂದು ಕಿರುಚಿದೆ.

ಕೋಣೆಯೊಳಗಿಂದ ದನಿ ಬಂತು. "ಅವಳ್ಗ್ಯಾಕಮ್ಮ ಬೈತೀಯ? ನಿಲ್ಸಿದ್ದು ನಾನು."

ಹೋಗಿ ಮಂಚದ ಪಕ್ಕ ನಿಂತೆ. ಅವರು ಹೊದಿಕೆಯಿಂದ ಒಂದು ಕೈ ತೆಗೆದು, ನಳಿಕೆಯ ಮೇಲಿರುವ ಪುಟ್ಟ ಚಕ್ರವನ್ನು ಹೆಬ್ಬೆರಳಿನಿಂದ ತಳ್ಳುವಂತೆ ಮಾಡಿ ತೋರಿಸಿದರು.

"ಇಷ್ಟೇ ವಾಲ್ವು. ಮೊದಲ್ನೇ ದಿನಾನೇ ಗೊತ್ತಾಯ್ತು. ನಿನ್ ಗಾಡಿ ಗೇಟ್ ದಾಟೋ ಸದ್ದು ಕೇಳ್ತಿದ್ದೆ, ಆಮ್ಯಾಕೆ ನಿಲ್ಲಿಸ್ತಿದ್ದೆ."

"ಯಾಕಜ್ಜಿ? ಯಾಕ್ ಹಿಂಗ್ ಮಾಡಿದ್ರಿ?" ನನಗೆ ಅಳು ಬರುತ್ತಿತ್ತು, ಸಿಟ್ಟಿನ ಅಳು.

"ನೀನೇ ಅಂದ್ಯಲ್ಲ, ಗ್ಲೂಕೋಸ್ ಅಂತ. ನಂಗೆ ಸಕ್ರೆ ಕಾಯ್ಲೆ ಕಣಮ್ಮ. ನಮ್ಮೆಜಮಾನ್ರ ಕಾಲು ತೆಗ್ಸಿದ್ದು ಅದೇ ಸಕ್ರೆ. ಆಸ್ಪತ್ರೇಲೂ ಗ್ಲೂಕೋಸ್ ಹಾಕ್ತೀವಿ ಸುಮ್ಕಿರಜ್ಜಿ ಅಂದ್ರು. ಬ್ಯಾಡ ಅಂದೆ, ಕೇಳ್ಲಿಲ್ಲ. ಕಿತ್ತಾಕ್ದೆ. ಕೈ ಕಟ್ಟಿದ್ರು. ಅದ್ಕೇ ಇಲ್ಲಿ ಬ್ಯಾಡ ಅನ್ನಕ್ಕೆ ಹೋಗ್ಲಿಲ್ಲ. ಬ್ಯಾಡ ಅಂದ್ರೆ ನೀನೂ ಕಟ್ತೀಯ."

ನಾನು ಅಲ್ಲಿದ್ದ ಕುರ್ಚಿಯಲ್ಲಿ ಕೂತೆ. ಆ ಕೋಣೆಯಲ್ಲಿ ಐದು ದಿನದಲ್ಲಿ ನಾನು ಕೂತದ್ದು ಅದೇ ಮೊದಲು.

ಈ ಔಷಧಿಯನ್ನು ಗ್ಲೂಕೋಸಿನಲ್ಲಿ ಕಲಸಲೇಬಾರದು. ಕಲಸಿದರೆ ಕೆಡುತ್ತದೆ. ಅದು ಡಬ್ಬಿಯ ಮೇಲೇ ಬರೆದಿದೆ, ನನಗೆ ಬಾಯಿಪಾಠ. ಬಾಟಲಿಯಲ್ಲಿದ್ದದ್ದು ಉಪ್ಪುನೀರು. ಒಂದು ಚಿಟಿಕೆ ಸಕ್ಕರೆಯೂ ಇರಲಿಲ್ಲ. ಆ ಕೋಣೆಯಲ್ಲಿ ಸರಿಯಾದ ಹೆಸರು ಹೇಳಿದವಳು ಒಬ್ಬಳೇ, ಸಲಾಯಿನ್ ಎಂದವಳು. ಅವಳನ್ನು ನಾನು ನಕ್ಕು ಬಾಯಿ ಮುಚ್ಚಿಸಿದ್ದೆ. ತೂಗುಹಾಕಿದ್ದೆಲ್ಲ ಗ್ಲೂಕೋಸ್ ನಮಗೆ. ರಕ್ತದ ಬಾಟಲಿ ಒಂದನ್ನು ಬಿಟ್ಟರೆ ಯಾವುದು ತೂಗಿದರೂ ಗ್ಲೂಕೋಸ್. ರೋಗಿಗೆ ಅಷ್ಟು ಹೇಳಿದರೆ ಸಾಕು ಎಂದು ನಮಗೆ ಯಾರೂ ಕಲಿಸಲಿಲ್ಲ, ನಾವೇ ಕಲಿತೆವು. ಮುದುಕರಿಗೆ ಏನು ತಿಳಿಯುತ್ತದೆ ಎನ್ನುವ ಸೊಕ್ಕು! ವರ್ಷಗಟ್ಟಲೆ ಸಕ್ಕರೆ ಮುಟ್ಟದೆ ತನ್ನ ಮೈಯನ್ನು ತಾನೇ ಕಾಯ್ದುಕೊಂಡ ಹೆಂಗಸು ಗೊಂದಲದಲ್ಲಿದ್ದಾಳಂತೆ. ಆ ಚೀಟಿ ಬರೆದ ಕೈಗೆ ಬರೆ ಹಾಕಬೇಕು ಅನ್ನಿಸಿತು. ನನ್ನ ನಾಲಿಗೆಗೂ.

ಡಾಕ್ಟರು ಮತ್ತೆ ಫೋನ್ ಮಾಡಿದರು. ಆಂಬುಲೆನ್ಸ್ ಹೇಳಿದ್ರಾ ಎಂದು ಕೇಳಿದರು. ಐದು ನಿಮಿಷ ಕೊಡಿ ಎಂದೆ.

ರಿಜಿಸ್ಟರ್ ತೆಗೆದೆ. ಕೈ ತಾನಾಗಿಯೇ ಬರೆಯಿತು: ರೋಗಿ ಸಹಕರಿಸಲಿಲ್ಲ, ತಾವೇ ಬಾಟಲಿ ನಿಲ್ಲಿಸಿದ್ದಾರೆ. ಬರೆದದ್ದನ್ನು ಓದಿಕೊಂಡೆ. ಒಂದು ಅಕ್ಷರವೂ ಸುಳ್ಳಲ್ಲ. ಇದೇ ಸಾಲನ್ನು ಕಳಿಸಿದ್ದರೆ ನನ್ನ ಕೂದಲೂ ಕೊಂಕುತ್ತಿರಲಿಲ್ಲ. ಆದರೆ ಸಹಕರಿಸದ ರೋಗಿಗೆ ಹೋಮಿನಲ್ಲಿ ಔಷಧಿ ಕೊಡಲು ಯಾವ ಡಾಕ್ಟರೂ ಒಪ್ಪುವುದಿಲ್ಲ. ಅವರನ್ನು ಎತ್ತಿಕೊಂಡು ಹೋಗಿ ಅದೇ ಮಂಚಕ್ಕೆ ಹಾಕುತ್ತಾರೆ, ಅದೇ ಪಟ್ಟಿ ಕಟ್ಟುತ್ತಾರೆ, ಈ ಸಲ ನನ್ನ ಕೈಬರಹವೇ ಅದಕ್ಕೆ ಸಾಕ್ಷಿ.

ಹೊಡೆದುಹಾಕಿದೆ. ಕೆಳಗೆ ಬರೆದೆ: ನಾಲ್ಕು ದಿನದ ಔಷಧಿ ರೋಗಿಯ ಮೈಗೆ ಸೇರಿಲ್ಲ. ಔಷಧಿಯ ಹೆಸರನ್ನು ರೋಗಿಗೆ ತಪ್ಪಾಗಿ ಹೇಳಿದವಳು ನಾನು. ಬಾಟಲಿ ಮುಗಿಯುವವರೆಗೆ ನಾನು ಕೂರಲಿಲ್ಲ. ಬಾಟಲಿ ಉಳಿದಿದೆ ಎಂದು ಇಲ್ಲಿಯ ಸಿಬ್ಬಂದಿ ತಿಳಿಸಿದರೂ ಗಮನಿಸಲಿಲ್ಲ. ಫೋಟೋ ತೆಗೆದು ಡಾಕ್ಟರಿಗೆ ಕಳಿಸಿ, ಫೋನ್ ಮಾಡಿ ಬಾಯಲ್ಲೂ ಹೇಳಿದೆ.

"ಅಂದ್ರೆ ಔಷಧಿ ಫೇಲ್ ಆಗಿಲ್ಲ," ಎಂದರು ಡಾಕ್ಟರು.

"ಇಲ್ಲ ಡಾಕ್ಟ್ರೇ. ಫೇಲ್ ಆಗಿದ್ದು ನಾನು."

"ಬಿಪಿ, ಉಸಿರು ಎಲ್ಲ ನೋಡಿ ಹೇಳಿ." ಹೇಳಿದೆ. "ಸರಿ. ಎರಡು ದಿನ ನೋಡೋಣ. ಎರಡು ಗಂಟೆಗೊಂದ್ಸಲ ನಂಗೆ ತಿಳಿಸ್ತಿರ್ಬೇಕು. ಸ್ವಲ್ಪ ಬಿಪಿ ಇಳಿದ್ರೂ ಅಡ್ಮಿಟ್, ನಾನ್ ಯಾರ್ ಮಾತೂ ಕೇಳಲ್ಲ. ಮತ್ತೆ ಸಿಸ್ಟರ್, ಇದನ್ನ ನಿಮ್ಮ ಕಂಪನಿಗೂ ಕಳಿಸ್ಬೇಕಾಗುತ್ತೆ."

"ಕಳಿಸಿ," ಎಂದೆ.

ಮಾಲೀಕ ತಲೆ ಕೊಡವಿದ. "ಇದೇ ಮೇಡಂ, ಇದಕ್ಕೇ ನಾನ್ ಹೇಳಿದ್ದು, ಇದೆಲ್ಲ ಆಸ್ಪತ್ರೇಲಿ ಆಗೋ ಕೆಲ್ಸ."

"ಆಸ್ಪತ್ರೇಲೂ ಇದೇ ಗ್ಲೂಕೋಸ್ ಮಾತು ಸಾರ್ ಆಡಿದ್ದು. ಅಲ್ಲಿ ಕೈ ಕಟ್ಟಿದ್ರು, ಇಲ್ಲಿ ಕಟ್ಟಿಲ್ಲ. ಅಷ್ಟೇ ವ್ಯತ್ಯಾಸ," ಎಂದೆ. ಆತನ ಮೇಲೆ ಸಿಟ್ಟು ಮಾಡುವ ಹಕ್ಕು ನನಗೆ ಆಗ ಇರಲಿಲ್ಲ. ಆದರೂ ಮಾಡಿದೆ.

ಔಷಧಿಯ ಪುಟ್ಟ ಸೀಸೆಯನ್ನು ಮುದುಕಿಯ ಕಣ್ಣ ಮುಂದೆ ಹಿಡಿದೆ. "ಅಜ್ಜಿ, ಇದು ಗ್ಲೂಕೋಸ್ ಅಲ್ಲ. ನಾನ್ ಹೇಳಿದ್ದು ತಪ್ಪು. ಇದು ಜ್ವರದ ಹುಳ ಸಾಯಿಸೋ ಔಷಧಿ, ಹೆಸರು ಎರ್ಟಪೆನೆಮ್. ಕಲಸಿರೋದು ಉಪ್ಪುನೀರಲ್ಲಿ. ಸಕ್ಕರೆ ಒಂದ್ ಕಾಳೂ ಇಲ್ಲ." ಅವರಿಗೆ ಒಂದೇ ಸಲಕ್ಕೆ ನಂಬಿಕೆ ಬರಲಿಲ್ಲ. ಒಂದು ಹನಿ ಉಪ್ಪುನೀರನ್ನು ನಾಲಿಗೆಗೆ ಹಾಕು ಎಂದರು. ಔಷಧಿ ಕಲಸುವ ಮೊದಲು ಬೇರೆ ಸಲೈನ್ ಒಡೆದು ನಾಲಿಗೆಗೆ ಒಂದು ಹನಿ ಬಿಟ್ಟೆ. ಚಪ್ಪರಿಸಿ, "ಊಂ, ಉಪ್ಪು," ಎಂದರು. ಆಮೇಲೆ ಕೈ ಚಾಚಿದರು. ಬಾಟಲಿಯ ಕೊನೆಯ ಹನಿ ಇಳಿಯುವವರೆಗೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಜೇಬಿನಲ್ಲಿ ಕಂಪನಿಯ ಫೋನು ಹತ್ತು ಸಲ ಬಡಿದುಕೊಂಡಿತು.

ಹೊರಡುವಾಗ ರಾಯಚೂರಿನವಳ ಹತ್ತಿರ ಹೋದೆ. ಬಟ್ಟೆ ಮಡಚುತ್ತಿದ್ದಳು. "ತಪ್ಪಾಯ್ತಮ್ಮ. ಬೈಬಾರ್ದಿತ್ತು," ಎಂದೆ. ಬೈದದ್ದು ಹಜಾರದಲ್ಲಿ, ಎಲ್ಲರ ಮುಂದೆ. ತಪ್ಪಾಯಿತು ಎಂದದ್ದು ಮೂಲೆಯಲ್ಲಿ, ಮೆಲ್ಲಗೆ. ಅವಳಿಗೆ ಅದು ಗೊತ್ತಾಗದೆ ಇರಲಿಲ್ಲ. "ಇರ್ಲಿ ಬಿಡ್ರಿ," ಎಂದಳು, ಮುಖ ಎತ್ತಲಿಲ್ಲ.

ಅವತ್ತು ಸಂಜೆಗೆ ಕಂಪನಿಯವರು ನನ್ನನ್ನು ಆ ಹೋಮಿನಿಂದ ತೆಗೆದರು. ಮಾರನೆಯ ದಿನದಿಂದ ಬೇರೆ ಸಿಸ್ಟರ್ ಹೋಗುತ್ತಾಳೆ ಎಂದರು. ನನಗೆ ಎಚ್ಚರಿಕೆಯ ಪತ್ರ ಬಂತು, ಅದರಲ್ಲಿ ಕೂರಬೇಕು ಎನ್ನುವ ನಿಯಮವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಇಪ್ಪತ್ತು ನಿಮಿಷದ ಮಾತು ಎಲ್ಲೂ ಇರಲಿಲ್ಲ. ನಾನು ಎರಡು ಗಂಟೆಗೊಮ್ಮೆ ಹೋಮಿಗೆ ಫೋನ್ ಮಾಡಿ ಕೇಳುತ್ತಿದ್ದೆ. ಮಾಲೀಕನೇ ಎತ್ತಿ ಹೇಳುತ್ತಿದ್ದ. ನೂರೊಂದು ಮೇಡಂ. ನೂರು ಮೇಡಂ. ಮೂರನೇ ದಿನ ಬೆಳಿಗ್ಗೆ ಅವನೇ ಫೋನ್ ಮಾಡಿ, "ಮೇಡಂ, ನಾರ್ಮಲ್ಲು. ರಾಗಿ ಗಂಜಿ ಸರಿ ಇಲ್ಲ ಅಂತ ಬೈತಾವ್ರೆ," ಎಂದ.

ಹೊಸದಾಗಿ ಎಣಿಸಿದ ಎಂಟು ದಿನದ ಕೊನೆಯ ದಿನ ನಾನು ರಜೆ ಹಾಕಿ, ಚೀಲದಲ್ಲಿ ಎರಡು ಸೌತೆಕಾಯಿ ಇಟ್ಟುಕೊಂಡು, ನೋಡಲು ಬಂದವಳಂತೆ ಹೋದೆ. ಮುದುಕಿ ದಿಂಬಿಗೆ ಒರಗಿ ಕೂತಿದ್ದರು. ಮಣಿಕಟ್ಟಿನ ಕಪ್ಪು ಮಾಸಿತ್ತು. ಸೌತೆಕಾಯಿ ಮುಟ್ಟಿ ನೋಡಿ, "ಬಲ್ತಿದೆ," ಎಂದರು.

ಅಷ್ಟರಲ್ಲಿ ಸಿಸ್ಟರ್ ಬಂದಳು, ದಿನಾ ಬರುವವಳ ಬದಲಿಗೆ ಅವತ್ತೊಂದು ದಿನಕ್ಕೆ ಬಂದವಳು. ಚುರುಕು ಹುಡುಗಿ. ನನ್ನ ಕಡೆ ನೋಡದೆ ಔಷಧಿ ಕಲಸಿ, ಬಾಟಲಿ ತೂಗುಹಾಕಿ, ನಳಿಕೆ ಜೋಡಿಸುತ್ತಾ ಜೋರು ದನಿಯಲ್ಲಿ ಹೇಳಿದಳು, "ಅಜ್ಜೀ, ಲಾಸ್ಟ್ ಗ್ಲೂಕೋಸ್! ಇವತ್ತಿಗೆ ಮುಗೀತು!"

ನಾನು ಬಾಯಿ ತೆರೆದಿದ್ದೆ. ಬೇಕಾಗಲಿಲ್ಲ. ಮುದುಕಿಯ ಹೆಬ್ಬೆರಳು ಆಗಲೇ ಚಕ್ರದ ಮೇಲಿತ್ತು. ಬಾಟಲಿಯ ಹನಿ ನಿಂತುಹೋಯಿತು.

"ಹೆಸ್ರು ಹೇಳು," ಎಂದರು.

"ಏನಜ್ಜಿ?"

"ಅದ್ಕೊಂದು ಹೆಸ್ರೈತೆ. ಎರ್ಟಪ್ಪನೋ ಏನೋ. ಪೂರ್ತಿ ಹೇಳು, ಬಿಡ್ತೀನಿ."

ಹುಡುಗಿ ನನ್ನನ್ನು ನೋಡಿದಳು, ಬಾಟಲಿಯನ್ನು ನೋಡಿದಳು. ಕೊನೆಗೆ ಸೀಸೆ ಎತ್ತಿಕೊಂಡು ಚೀಟಿಯ ಮೇಲಿನ ಹೆಸರನ್ನು ಒಂದೊಂದೇ ಅಕ್ಷರ ಓದಿದಳು. ಹಿಂದಿನಿಂದ ರಾಯಚೂರಿನವಳು ಪ್ಲಾಸ್ಟಿಕ್ ಕುರ್ಚಿಯನ್ನು ಕಾಲಿನಿಂದ ಅವಳ ಕಡೆ ತಳ್ಳಿದಳು. "ಕುಂದ್ರಿ ಸಿಸ್ಟರ್. ಸಲಾಯಿನ್ ಮುಗಿಯೋತನಕ," ಎಂದಳು, ಹಜಾರದವರಿಗೆಲ್ಲ ಕೇಳುವ ಹಾಗೆ.

ಹುಡುಗಿ ಕೂತಳು. ಆಮೇಲೆ ಮುದುಕಿ ಹೆಬ್ಬೆರಳಿನಿಂದ ಚಕ್ರವನ್ನು ಮೇಲಕ್ಕೆ ತಳ್ಳಿದರು.